ಶೆಟ್ಟಿಹಳ್ಳಿ ಚರ್ಚಿನ ಬೆಳಕಲ್ಲಿ ಹಳೇ ಆಲ್ಬಮ್ಮಿನ ಫೋಟೋ

ಹಳೇ ಆಲ್ಬಮ್ಮಿನ ಥರದ ಫೋಟೋ ತೆಗೆಯೋದನ್ನ ಹಾಸನದ ಹತ್ತಿರದ ಶೆಟ್ಟಿಹಳ್ಳಿ ಚರ್ಚಿಂದ ಶುರು ಮಾಡೋಣ. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಹೇಮಾವತಿ ಹಿನ್ನೀರು ಏರಿದಾಗ ಅರ್ಧ ಮುಳುಗಿರುತ್ತೆ, ಬೇಸಿಗೇಲಿ ಒಳಗೇ ಓಡಾಡಬಹುದು. ಕನಸಿನಂಥ ಹಳೇ ಲುಕ್ ಬೇಕು ಅಂದ್ರೆ ಮೊದಲು ಇಲ್ಲಿ ಸೂರ್ಯ ಎಲ್ಲಿದಾನೆ ನೋಡ್ಕೊಳ್ಳಿ. ಕಮಾನಿನ ಹಿಂದೆ ಇರಬೇಕು. ಆಗ ಬೆಳಕಿನ ಅಂಚು ಕತ್ತಲೆ ಗೋಡೆ ಮೇಲೆ ಹರಡುತ್ತೆ. ಆ ಹರಡೋದನ್ನ ಹೆಚ್ಚು ಮಾಡೋದಷ್ಟೇ ಲೆನ್ಸಿನ ಮುಂದೆ ಹಾಕೋ ಬ್ಲ್ಯಾಕ್ ಮಿಸ್ಟ್ ಅನ್ನೋ ಗಾಜಿನ ಫಿಲ್ಟರಿನ ಕೆಲಸ. ಫ್ರೇಮಿನಲ್ಲಿ ಜೋರು ಬೆಳಕೇ ಇಲ್ಲದಿದ್ರೆ ಫಿಲ್ಟರ್ ಹಾಕಿ ಏನೂ ಪ್ರಯೋಜನ ಇಲ್ಲ, ಫೋಟೋ ಸಪ್ಪೆ ಆಗುತ್ತೆ ಅಷ್ಟೆ.

24 ಎಂಎಂ ಲೆನ್ಸಿಗೆ 1/4 ಶಕ್ತಿಯ ಫಿಲ್ಟರ್ ಹಾಕಿ. 85 ಎಂಎಂಗೆ ಇನ್ನೂ ತೆಳುವಾದ 1/8 ಸಾಕು, ಯಾಕಂದ್ರೆ ಲೆನ್ಸ್ ಉದ್ದ ಆದಷ್ಟೂ ಇದರ ಪರಿಣಾಮ ಜಾಸ್ತಿ. ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 2.8ರಿಂದ 4ರೊಳಗಿರಲಿ, ಎಫ್ 11 ದಾಟಿದ್ರೆ ಎದುರು ಬಿಸಿಲಲ್ಲಿ ಫಿಲ್ಟರಿನ ಕಣಗಳೇ ಚುಕ್ಕಿಚುಕ್ಕಿಯಾಗಿ ಕಾಣಬಹುದು. ಎಕ್ಸ್‌ಪೋಷರ್ ಮೈನಸ್ 0.7, ಅಂದ್ರೆ ಫೋಟೋ ಸ್ವಲ್ಪ ಕತ್ತಲೆ ಕಡೆಗೇ ಇರಲಿ. ಫೈಲ್ ರಾ (ಕ್ಯಾಮೆರಾ ತಿದ್ದದ ಮೂಲ ಫೈಲ್) ಆಗಿರಲಿ. ಆಕಾಶ ಒಮ್ಮೆ ಬೆಳ್ಳಗೆ ಸುಟ್ಟುಹೋದ್ರೆ ಆಮೇಲೆ ಏನು ಮಾಡಿದ್ರೂ ವಾಪಸ್ ಬರಲ್ಲ.

ದುಡ್ಡು ಹಾಕೋದು ಬೇಡವಾ? ಲೆನ್ಸ್ ಕಾಪಾಡೋಕೆ ಹಾಕೋ ಹಳೇ ಯುವಿ ಫಿಲ್ಟರಿನ ಅಂಚಿಗೆ ಮಾತ್ರ ತೆಳ್ಳಗೆ ವ್ಯಾಸ್ಲಿನ್ ಸವರಿ, ಮಧ್ಯೆ ಬಿಟ್ಟುಬಿಡಿ. ಲೆನ್ಸಿಗೇ ಸವರಬೇಡಿ ಮತ್ತೆ!

ಮುಳ್ಳಯ್ಯನಗಿರಿಯಲ್ಲಿ ಲೆಕ್ಕ ಉಲ್ಟಾ. ಮಂಜು ಇಳಿದಿದ್ರೆ ಫಿಲ್ಟರ್ ಬಿಚ್ಚಿಡಿ, ಕಾಂಟ್ರಾಸ್ಟ್ ಆಗಲೇ ಸತ್ತಿರುತ್ತೆ. ಕ್ಯಾಮೆರಾ ಮೀಟರು ಮಂಜನ್ನ ಬೂದಿ ಬಣ್ಣಕ್ಕೆ ಎಳೆಯುತ್ತೆ, ಅದಕ್ಕೆ ಪ್ಲಸ್ 0.7ರಿಂದ 1 ಕೊಡಿ. ಕಾರಿನ ಎಸಿಯಿಂದ ಹೊರಗೆ ತೆಗೆದ ತಕ್ಷಣ ಲೆನ್ಸ್ ಬೆವರಬಹುದು. ಒರೆಸೋಕೆ ಹೋಗಬೇಡಿ, ಬ್ಯಾಗಿನ ಜಿಪ್ ಹಾಕೇ ಇಪ್ಪತ್ತು ನಿಮಿಷ ಹೊರಗಿಡಿ.

ಇನ್ನು ಎಡಿಟಿಂಗ್. ಟೋನ್ ಕರ್ವ್ ಅಂದ್ರೆ ಕಪ್ಪಿನಿಂದ ಬಿಳಿಯವರೆಗಿನ ಬೆಳಕು ತಿದ್ದೋ ಗೆರೆ. ಅದರ ಎಡ ತುದಿಯನ್ನ 0ಯಿಂದ 20ಕ್ಕೆ ಎತ್ತಿ, ಬಲ ತುದಿಯನ್ನ 255ರಿಂದ 240ಕ್ಕೆ ಇಳಿಸಿ. ಮಾಸಿದ ಪ್ರಿಂಟಿನ ಗುಣ ಅರ್ಧ ಇಲ್ಲೇ ಬಂತು. ಕ್ಲಾರಿಟಿ (ಅಂಚುಗಳ ಖಡಕ್ಕು) ಮೈನಸ್ 15. ಕಾಫಿ ತೋಟದ ಹಸಿರು ಕಣ್ಣಿಗೆ ಹೊಡೆಯುತ್ತೆ, ಅದರ ಹ್ಯೂ (ಬಣ್ಣದ ಛಾಯೆ) ಹಳದಿ ಕಡೆಗೆ 15 ಸರಿಸಿ, ಸ್ಯಾಚುರೇಷನ್ (ಬಣ್ಣದ ಗಾಢತೆ) 25 ಇಳಿಸಿ.

ಎಲ್ಲರೂ ಎಡವೋದು ಹಳೇಬೀಡಲ್ಲಿ. ಇಡೀ ಫೋಟೋಗೆ ವಾರ್ಮ್ (ಹಳದಿ ಛಾಯೆ) ಕೊಟ್ಟುಬಿಡ್ತಾರೆ. ಆ ಬೂದುಗಪ್ಪು ಬಳಪದ ಕಲ್ಲು ಕೆಸರು ಬಣ್ಣಕ್ಕೆ ತಿರುಗುತ್ತೆ. ಹೈಲೈಟಿಗೆ (ಬೆಳಕು ಬಿದ್ದ ಭಾಗಕ್ಕೆ) ಮಾತ್ರ ಹಳದಿ ಸೇರಿಸಿ: ಹ್ಯೂ 45, ಸ್ಯಾಚುರೇಷನ್ 10. ನೆರಳು ಮುಟ್ಟಬೇಡಿ. ಶಿಲ್ಪದ ಕೊರಳಲ್ಲಿ ಒಂದೊಂದು ಮಣಿಯೂ ಬಿಡಿಬಿಡಿಯಾಗಿ ಕಾಣಬೇಕು. ಅದನ್ನ ಮಸುಕು ಮಾಡೋದು ನನ್ನ ಮಟ್ಟಿಗೆ ಪಾಪ, ಹಾಗಾಗಿ ಕೆತ್ತನೆಯ ಕ್ಲೋಸಪ್ಪಿಗೆ ಫಿಲ್ಟರೂ ಬೇಡ, ಮೈನಸ್ ಕ್ಲಾರಿಟಿಯೂ ಬೇಡ.

ಗ್ರೇನ್ (ಹಳೇ ಫಿಲ್ಮಿನಂಥ ಕಣಕಣ) ಸೇರಿಸೋದು ಕಡೇಗೆ, ಅದೂ ಫೋಟೋದ ಸೈಜ್ ಚಿಕ್ಕದು ಮಾಡಿದ ಮೇಲೆ. ಪ್ರಮಾಣ 25. ಕಣ ತೀರಾ ಸಣ್ಣದಿದ್ರೆ ಅಪ್‌ಲೋಡ್ ಮಾಡುವಾಗ ಕಂಪ್ರೆಷನ್ ನುಂಗಿಬಿಡುತ್ತೆ, ಸ್ವಲ್ಪ ದಪ್ಪ ಇಡಿ.