ಇಳಿಯುವ ಹಡಗು, ಹೊರಡುವ ಹಡಗು: ಏಲಿಯನ್‌ಗಳಲ್ಲಿ ಅಡಗಿರುವ ಎಲ್ಫ್‌ಗಳು

[ದೃಶ್ಯ: ಕಾರವಾರ ಕಡಲತೀರ, ಸಂಜೆ. ಹಿಂದೆ ಕೂರ್ಮಗಡ ದ್ವೀಪ]

ನಮಸ್ಕಾರ. ಚೂಪು ಕಿವಿ. ಮನುಷ್ಯರಿಗಿಂತ ಎಷ್ಟೋ ಜಾಸ್ತಿ ಆಯಸ್ಸು. ಎಂಥ ಗಲಾಟೆಯಲ್ಲೂ ತಣ್ಣಗಿನ ಮುಖ. ಯಾರಿದು?

ಫ್ಯಾಂಟಸಿ ಓದಿದವರು ಎಲ್ಫ್ ಅನ್ನುತ್ತೀರಿ. 1966ರಲ್ಲಿ ಶುರುವಾದ ಬಾಹ್ಯಾಕಾಶದ ಟಿವಿ ಧಾರಾವಾಹಿ 'ಸ್ಟಾರ್ ಟ್ರೆಕ್' ನೋಡಿದವರು ವಲ್ಕನ್ ಅನ್ನುವ ಏಲಿಯನ್ ಅನ್ನುತ್ತೀರಿ. ಇಬ್ಬರೂ ಸರಿ.

ಫ್ಯಾಂಟಸಿಯ ಜನರೇ ವೇಷ ಬದಲಿಸಿ ಏಲಿಯನ್‌ಗಳಾಗುತ್ತಾರೆ ಅನ್ನುವುದು ಮುಚ್ಚಿಟ್ಟ ವಿಷಯವೇನಲ್ಲ. ಬ್ರಿಟನ್ನಿನಲ್ಲಿ 1983ರಲ್ಲಿ 'ವಾರ್‌ಹ್ಯಾಮರ್' ಅಂತ ಒಂದು ಆಟ ಬಂತು. ಪುಟ್ಟ ಗೊಂಬೆಗಳನ್ನು ಮೇಜಿನ ಮೇಲೆ ಜೋಡಿಸಿ ಆಡುವ ಯುದ್ಧ. ಎಲ್ಫ್, ರಾಕ್ಷಸರಂಥ ಓರ್ಕ್, ಕುಳ್ಳರು ಎಲ್ಲ ಅದರಲ್ಲಿದ್ದರು. 1987ರಲ್ಲಿ ಅದೇ ಕಂಪನಿ 'ವಾರ್‌ಹ್ಯಾಮರ್ 40,000' ಮಾಡಿ ಯುದ್ಧವನ್ನು ಬಾಹ್ಯಾಕಾಶಕ್ಕೆ ಒಯ್ದಿತು. ಓರ್ಕ್ ಕೈಗೆ ಬಂದೂಕು ಬಂತು. ಎಲ್ಫ್‌ಗೆ ಎಲ್ಡಾರ್ ಅಂತ ಹೆಸರಾಯಿತು. ಆ ಎಲ್ಡಾರ್ ಕೂಡ 'ಲಾರ್ಡ್ ಆಫ್ ದ ರಿಂಗ್ಸ್' ಬರೆದ ಟೋಲ್ಕಿನ್ ಕಟ್ಟಿದ ಭಾಷೆಯಲ್ಲಿ ಎಲ್ಫ್‌ಗಳಿಗಿರುವ ಹೆಸರೇ!

[ದೃಶ್ಯ: ಚೌಕಿ. ಕನ್ನಡಿ ಮುಂದೆ ಕಲಾವಿದ, ಅರ್ಧ ಬಣ್ಣ ಬಳಿದ ಮುಖ]

ಇಷ್ಟು ಸಲೀಸಾಗಿ ಹೇಗೆ ಬದಲಾಯಿಸಬಹುದು? ಬಯಲಾಟ ನೋಡಿ ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ. ತೆರೆಯ ಹಿಂದಿನಿಂದ ಅಬ್ಬರ ಕೇಳಿದರೆ ಸಾಕು, ರಾಕ್ಷಸನ ಬಣ್ಣದ ವೇಷ ಬಂತು ಅಂತ ನಿದ್ದೆಗಣ್ಣಿನ ಮಗುವಿಗೂ ಗೊತ್ತಾಗುತ್ತದೆ. ಹೆಸರು ಆಮೇಲೆ. ಸ್ಟಾರ್ ಟ್ರೆಕ್‌ನ ಇನ್ನೊಂದು ಏಲಿಯನ್ ಜನಾಂಗ ಕ್ಲಿಂಗನ್ನರೂ ಹಾಗೆಯೇ. 1967ರಲ್ಲಿ ಅವರಿಗೆ ಬರೀ ಮುಖಕ್ಕೆ ಬಣ್ಣ, ಮೀಸೆ, ಹುಬ್ಬು. 1979ರ ಸಿನಿಮಾದಲ್ಲಿ ಹಣೆ ಮೇಲೆ ಏಣು ಬಂತು. ವೇಷ ಬದಲಾದರೂ ಯುದ್ಧದ ಹುಚ್ಚು ಬದಲಾಗಲಿಲ್ಲ.

ಹಾಗಾದರೆ ಫ್ಯಾಂಟಸಿಯವರು, ಏಲಿಯನ್‌ಗಳು ಇಬ್ಬರೂ ಒಂದೇನಾ? ಅಲ್ಲ ಅಂತ ನನಗನ್ನಿಸುತ್ತದೆ. ಫ್ಯಾಂಟಸಿಯವರು ನಮಗಿಂತ ಮೊದಲೇ ಇಲ್ಲಿದ್ದವರು. ಶಿರಸಿ, ಸಿದ್ದಾಪುರದ ಕಾನಿನಲ್ಲಿ ಊರಿನ ದೈವಗಳಾದ ಚೌಡಿಯ ಕಲ್ಲೋ, ಜಟಕನ ಕಲ್ಲೋ ಕಂಡರೆ ದನಿ ತಾನಾಗಿಯೇ ತಗ್ಗುತ್ತದೆ ಅಲ್ವಾ? ಜಾಗ ಅವರದು, ನಾವು ಆಮೇಲೆ ಬಂದವರು ಅನ್ನುವ ಭಾವನೆ ಅದು. ಟೋಲ್ಕಿನ್ನರ ಎಲ್ಫ್‌ಗಳೂ ಹೀಗೆ ಮೊದಲಿನವರು. 'ಲಾರ್ಡ್ ಆಫ್ ದ ರಿಂಗ್ಸ್' ಮುಗಿಯುವಾಗ ಅವರು ಬಂದರಿಗೆ ಬಂದು ಹಡಗು ಹತ್ತಿ ಪಶ್ಚಿಮಕ್ಕೆ ಹೊರಟುಬಿಡುತ್ತಾರೆ.

[ದೃಶ್ಯ: ಸೂರ್ಯ ಮುಳುಗುತ್ತಿರುವ ಸಮುದ್ರ. ಮಾತಿಲ್ಲದೆ ಹತ್ತು ಸೆಕೆಂಡು]

ಏಲಿಯನ್‌ಗಳು ಹಡಗಿನಿಂದ ಇಳಿಯುವವರು. ಇಂಗ್ಲಿಷ್ ಲೇಖಕ ಎಚ್. ಜಿ. ವೆಲ್ಸ್ 1898ರ ಕಾದಂಬರಿಯಲ್ಲಿ ಮಂಗಳ ಗ್ರಹದವರನ್ನು ಇಂಗ್ಲೆಂಡಿಗೆ ಇಳಿಸಿದಾಗ, ಮೊದಲ ಅಧ್ಯಾಯದಲ್ಲೇ ಯುರೋಪಿನವರು ಟಾಸ್ಮೇನಿಯಾದ ಜನರನ್ನು ಹೇಗೆ ಅಳಿಸಿದರು ಅಂತ ನೆನಪಿಸಿದರು. ಅವರಿಗೆ ಮಾದರಿ ಆಕಾಶದಲ್ಲಿರಲಿಲ್ಲ, ಸಮುದ್ರದ ಮೇಲಿತ್ತು.

ಈಗ ನನಗೆ ತುಂಬಾ ಇಷ್ಟವಾದ ಸಂಗತಿ. 1987ರಲ್ಲಿ ಸ್ಟಾರ್ ಟ್ರೆಕ್‌ಗೆ ಹೊಸ ಜನಾಂಗ ಬಂತು: ಫೆರೆಂಗಿ. ದೊಡ್ಡ ಕಿವಿ, ಚೂಪು ಹಲ್ಲು, ಲಾಭವೇ ದೇವರು. ವ್ಯಾಪಾರಕ್ಕೆ ಅವರದು 285 ನಿಯಮ! ರೂಪದಲ್ಲಿ ಫ್ಯಾಂಟಸಿಯ ಗಾಬ್ಲಿನ್, ಅಂದರೆ ದುರಾಸೆಯ ಕುಳ್ಳ ಭೂತ. ಆದರೆ ಹೆಸರು? ಇನ್ನೊಮ್ಮೆ ಹೇಳಿ ನೋಡಿ. ಫೆರೆಂಗಿ, ಫರಂಗಿ, ಪರಂಗಿ. ಯುರೋಪಿನ ಫ್ರಾಂಕ್ ಅನ್ನುವ ಜನರ ಹೆಸರು ಅರಬ್ಬರ, ಪರ್ಷಿಯನ್ನರ ಬಾಯಲ್ಲಿ ಫರಂಗಿಯಾಗಿ, ನಮ್ಮಲ್ಲಿ ಪರಂಗಿಯಾಯಿತು. ಮೈಸೂರು ಕಡೆ ಪಪ್ಪಾಯಿಗೆ ಪರಂಗಿ ಹಣ್ಣು ಅನ್ನುವುದು, ಗುಂಡು ಹಾರಿಸುವ ತೋಪಿಗೆ ಫಿರಂಗಿ ಅನ್ನುವುದು ಎಲ್ಲ ಅದೇ ಪದ.

[ದೃಶ್ಯ: ನಕಾಶೆ. ಕಾರವಾರದ ದಕ್ಷಿಣಕ್ಕೆ ಅಂಜುದೀವ]

ಆ ಪರಂಗಿಯವರು ಇಳಿದ ಜಾಗ ಇಲ್ಲೇ ಇದೆ. 1498ರಲ್ಲಿ ವಾಸ್ಕೋ ಡ ಗಾಮನ ಹಡಗುಗಳು ಅಂಜುದೀವದಲ್ಲಿ ತಂಗಿದ್ದವು. 1505ರಲ್ಲಿ ಪೋರ್ಚುಗೀಸರು ಅಲ್ಲಿ ಕೋಟೆ ಕಟ್ಟಿದರು. ನಡುವೆ ಬಿಟ್ಟುಹೋದರೂ ಮತ್ತೆ ಬಂದರು; 1961ರವರೆಗೂ ಆ ದ್ವೀಪ ಅವರ ಕೈಯಲ್ಲಿತ್ತು. ಅಂದು ಈ ದಂಡೆಯಲ್ಲಿ ಬಲೆ ಎಳೆಯುತ್ತಿದ್ದವರ ಕಣ್ಣಿಗೆ ಆ ಹಡಗು ಹೇಗೆ ಕಂಡಿರಬಹುದು?

ಅದಕ್ಕೇ 2009ರ 'ಅವತಾರ್' ಸಿನಿಮಾ ನನ್ನನ್ನು ಅಷ್ಟು ಕಾಡಿತು. ಅದರಲ್ಲಿ ಬೇರೆ ಲೋಕದ ನಾವಿ ಜನ ಚೂಪು ಕಿವಿಯವರು, ದೊಡ್ಡ ಮರದಲ್ಲಿ ಮನೆ ಮಾಡಿದವರು. ಸುಮ್ನೆ ನೀಲಿ ಬಣ್ಣದ ಕಾಡಿನ ಎಲ್ಫ್‌ಗಳು ಅಂದುಕೊಂಡು ನೋಡುತ್ತಾ ಕೂತಿದ್ದೆ. ಆದರೆ ಅಲ್ಲೂ ಹಡಗು ಇಳಿದಿತ್ತು. ಬಾಗಿಲು ತೆರೆದಿತ್ತು. ಒಳಗಿಂದ ಬಂದ ಪರಂಗಿಯವರು ನಾವು, ಮನುಷ್ಯರು.

ನಿಮ್ಮೂರಿನ ಜಟಕ, ಚೌಡಿ ಕಥೆಗಳನ್ನು ಕಾಮೆಂಟಿನಲ್ಲಿ ಬರೆಯಿರಿ. ಅಜ್ಜಿ ಹೇಳಿದ ಹಾಗೇ ಬರೆಯಿರಿ.