ಕಾಗೆ ಕೂರದ ಕೊಂಬೆಗಳು

ನಮಸ್ಕಾರ.

ಮಂಡಿ ನೋವು ಇರುವವರಿಗೆ ಗೊತ್ತು, ಅದು ದಿನವೂ ಒಂದೇ ಸಮ ಇರುವುದಿಲ್ಲ. ಒಂದು ವಾರ ಜಾಸ್ತಿ, ಇನ್ನೊಂದು ವಾರ ಕಮ್ಮಿ. ನಾವು ಡಾಕ್ಟರ ಹತ್ತಿರ ಓಡುವುದು ಯಾವಾಗ? ಮೆಟ್ಟಿಲು ಹತ್ತೋಕೂ ಆಗದಷ್ಟು ನೋವು ಏರಿದ ದಿನ. ಅಷ್ಟು ಏರಿದ ಮೇಲೆ ಅದು ತಾನಾಗಿಯೇ ಒಂದಿಷ್ಟು ಇಳಿಯುತ್ತದೆ. ಇಳಿದ ಕೂಡಲೇ ಹೆಸರು ಬರುವುದು ಆವತ್ತು ನುಂಗಿದ ಮಾತ್ರೆಗೆ, ಹಚ್ಚಿದ ಎಣ್ಣೆಗೆ. ಕಾಗೆ ಕೂತಿತು, ಕೊಂಬೆ ಮುರಿಯಿತು ಅಂತಾರಲ್ಲ, ಹಾಗೆ. ಕಾಗೆಯ ಭಾರಕ್ಕೇ ಮುರಿಯಿತಾ, ಕೊಂಬೆ ಮೊದಲೇ ಒಣಗಿತ್ತಾ? ತಿಳಿಯಬೇಕಾದರೆ ಕಾಗೆ ಕೂರದ ಕೊಂಬೆಗಳನ್ನೂ ನೋಡಬೇಕು. ವೈದ್ಯಕೀಯ ಸಂಶೋಧನೆಯಲ್ಲಿ ಬಹುಪಾಲು ತಲೆಬಿಸಿ ಇದೇ.

ಬ್ರಿಟನ್ನಿನಲ್ಲಿ ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಪರೀಕ್ಷೆ ಮಾಡಿದಾಗ ಔಷಧಿ ಎಲ್ಲರಿಗೂ ಸಾಲುವಷ್ಟು ಇರಲಿಲ್ಲ. ಯಾರಿಗೆ ಕೊಡುವುದು? ಡಾಕ್ಟರ ಕೈಗೆ ಬಿಟ್ಟರೆ ಮನಸ್ಸು ಅಡ್ಡ ಬರುತ್ತದೆ. ಒಬ್ಬರು ಬದುಕುವ ಭರವಸೆ ಇದ್ದವರಿಗೆ ಕೊಟ್ಟಾರು, ಇನ್ನೊಬ್ಬರು ಪಾಪ ಅನ್ನಿಸಿದವರಿಗೆ. ಅದಕ್ಕೇ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಒಂದು ಉಪಾಯ ಮಾಡಿದರು. ಯಾರಿಗೆ ಏನು ಎಂಬುದನ್ನು ಮೊದಲೇ ಲಾಟರಿಯ ಹಾಗೆ ನಿರ್ಧರಿಸಿ, ಮುಚ್ಚಿದ ಲಕೋಟೆಗಳಲ್ಲಿ ಇಟ್ಟುಬಿಟ್ಟರು. ಆರು ತಿಂಗಳು ಕಳೆಯಿತು. ಔಷಧಿ ಸಿಕ್ಕ 55 ಜನರಲ್ಲಿ 4 ಮಂದಿ ತೀರಿಕೊಂಡಿದ್ದರು. ಬರೀ ಹಾಸಿಗೆಯಲ್ಲಿ ವಿಶ್ರಾಂತಿ ಪಡೆದ 52 ಜನರಲ್ಲಿ 14. ವರದಿ ಬಂದದ್ದು 1948ರಲ್ಲಿ.

ಇಲ್ಲಿ ಕೊಂಬೆ ಮುರಿದದ್ದು ಕಾಗೆಯಿಂದಲೇ. ಆದರೆ ಎಲ್ಲ ಸಲ ಹಾಗಾಗುವುದಿಲ್ಲ.

ಮತ್ತೆ ಮಂಡಿಗೇ ಬರೋಣ. ಮಂಡಿ ಸವೆತಕ್ಕೆ ಅಮೆರಿಕದಲ್ಲಿ ಒಂದು ಆಪರೇಷನ್ ಭಾರೀ ಚಾಲ್ತಿಯಲ್ಲಿತ್ತು. ಸಣ್ಣ ತೂತು ಮಾಡಿ, ಕೀಲನ್ನು ಸಲೈನಿನಲ್ಲಿ ತೊಳೆದು, ಒರಟಾದ ಭಾಗ ಕೆರೆದು ತೆಗೆಯುವುದು. ಮಾಡಿಸಿಕೊಂಡ ಎಷ್ಟೋ ಮಂದಿ ಹಾಯಾಗಿದೆ ಅನ್ನುತ್ತಿದ್ದರು. ಹ್ಯೂಸ್ಟನ್ ನಗರದ ಬ್ರೂಸ್ ಮೋಸ್ಲಿ ಎಂಬ ಸರ್ಜನ್‌ಗೂ ಅವರ ಜೊತೆಯವರಿಗೂ ಇದನ್ನು ಪರೀಕ್ಷೆ ಮಾಡಿಯೇ ನೋಡಬೇಕು ಅನ್ನಿಸಿತು. ರೋಗಿ ಆಪರೇಷನ್ ಕೋಣೆಗೆ ಬಂದ ಮೇಲೆ ಲಕೋಟೆ ಒಡೆಯುತ್ತಿದ್ದರು. ಒಂದರಲ್ಲಿ ತೊಳೆಯಿರಿ ಎಂದಿರುತ್ತಿತ್ತು, ಇನ್ನೊಂದರಲ್ಲಿ ಕೆರೆಯಿರಿ ಎಂದು. ಮೂರನೆಯದರಲ್ಲಿ ನಾಟಕ.

ಹೌದು, ನಾಟಕವೇ. ಮಂಪರು ಬರಿಸಿ, ಚರ್ಮವನ್ನು ಮೂರು ಕಡೆ ಒಂದೊಂದು ಸೆಂಟಿಮೀಟರ್ ಕೊಯ್ಯುತ್ತಿದ್ದರು. ಕೀಲಿನ ಒಳಗೆ ಕೈ ಹಾಕುತ್ತಿರಲಿಲ್ಲ. ಆದರೂ ಸರ್ಜನ್ ಒಂದೊಂದೇ ಸಲಕರಣೆ ಕೇಳುತ್ತಿದ್ದರು. ತೊಳೆಯುವ ಸದ್ದು ಬರಲಿ ಎಂದು ಸಲೈನ್ ಚಿಮುಕಿಸುತ್ತಿದ್ದರು. ನಿಜವಾದ ಆಪರೇಷನ್ನಿಗೆ ಹಿಡಿಯುವಷ್ಟೇ ಹೊತ್ತು ಅಲ್ಲೇ ಇಟ್ಟುಕೊಳ್ಳುತ್ತಿದ್ದರು. ರಾತ್ರಿ ಆಸ್ಪತ್ರೆಯಲ್ಲೇ ವಾಸ. ನೋಡಿಕೊಳ್ಳುವ ನರ್ಸ್‌ಗಳಿಗೂ ಯಾರಿಗೆ ಏನಾಗಿದೆ ಎಂದು ಗೊತ್ತಿರಲಿಲ್ಲ.

ಎರಡು ವರ್ಷ ಬೆನ್ನು ಹತ್ತಿ ಕೇಳಿದರು. ನಿಜವಾದ ಆಪರೇಷನ್ ಆದವರಿಗೆ ನಾಟಕದವರಿಗಿಂತ ನೋವು ಕಮ್ಮಿ ಇತ್ತು ಎಂದು ಯಾವ ಹಂತದಲ್ಲೂ ತೋರಲಿಲ್ಲ. 2002ರಲ್ಲಿ ಇದು ಪ್ರಕಟವಾದಾಗ ಮೂಳೆ ಡಾಕ್ಟರುಗಳಲ್ಲಿ ಹಲವರಿಗೆ ಸಿಟ್ಟು ಬಂತು. ಬರದೇ ಇರುತ್ತಾ? ರೋಗಿಗಳು ಸುಧಾರಿಸಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಕಂಡದ್ದು ಸುಳ್ಳೂ ಅಲ್ಲ.

ಡಾಕ್ಟರುಗಳು ಮಾತ್ರ ಮೋಸ ಹೋಗುತ್ತಾರೆ ಅಂದುಕೊಳ್ಳಬೇಡಿ. ನಾವೇನು ಕಮ್ಮಿ ಇಲ್ಲ. ಅಮೆರಿಕದಲ್ಲೇ ಶ್ವಾಸಕೋಶದ ಒಂದು ದೊಡ್ಡ ಅಧ್ಯಯನ ನಡೆಯಿತು. ಸಿಗರೇಟು ಸೇದುವವರಿಗೆ ಇನ್‌ಹೇಲರ್ ಕೊಟ್ಟಿದ್ದರು. ಅದಕ್ಕೆ ಒಂದು ಪುಟ್ಟ ಯಂತ್ರ ಜೋಡಿಸಿತ್ತು. ಎಷ್ಟು ಗಂಟೆಗೆ ಒತ್ತಿದರು, ಎಷ್ಟು ಸಲ ಒತ್ತಿದರು, ಎಲ್ಲ ಅದರಲ್ಲಿ ದಾಖಲು. ಈ ಗುಟ್ಟು ಕೆಲವರಿಗೆ ಹೇಳಿರಲಿಲ್ಲ. ಅಂಥವರಲ್ಲಿ ಹಲವರು ಮೂರು ಗಂಟೆಯೊಳಗೆ ನೂರಕ್ಕೂ ಹೆಚ್ಚು ಸಲ ಒತ್ತಿದ್ದು ಕಂಡಿತು. ಅದೂ ಹೆಚ್ಚಾಗಿ ತಪಾಸಣೆಗೆ ಹೋಗುವುದಕ್ಕೆ ಸ್ವಲ್ಪ ಮುಂಚೆ. ಡಬ್ಬಿ ಖಾಲಿ ಕಾಣಬೇಕಲ್ಲ! ಪರೀಕ್ಷೆಯ ಹಿಂದಿನ ರಾತ್ರಿ ಪುಸ್ತಕ ತೆರೆದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಬರೀ ಬಾಯಿಮಾತಿನ ಲೆಕ್ಕ ನಂಬಿ ಔಷಧಿ ಕೆಲಸ ಮಾಡಲಿಲ್ಲ ಎಂದು ಬರೆದುಬಿಟ್ಟರೆ, ತಪ್ಪು ಔಷಧಿಯದ್ದಾ?

ಇದನ್ನೆಲ್ಲ ಕೇಳಿದಾಗ ನಿಮಗೆ ಒಂದು ಕಸಿವಿಸಿ ಆಗಿರಬಹುದು. ಸುಮ್ನೆ ಚರ್ಮ ಕೊಯ್ಯುವುದು ನ್ಯಾಯವಾ ಅಂತ. ನನಗೂ ಆಗಿತ್ತು. ಸ್ಟ್ರೆಪ್ಟೊಮೈಸಿನ್ ಕಾಲದಲ್ಲಂತೂ, ಬರೀ ಹಾಸಿಗೆ ಸಿಕ್ಕವರಿಗೆ ತಾವು ಒಂದು ಪರೀಕ್ಷೆಯಲ್ಲಿ ಇದ್ದೇವೆ ಎಂಬುದೇ ಗೊತ್ತಿರಲಿಲ್ಲ. ಮೋಸ್ಲಿ ಹಾಗೆ ಮಾಡಲಿಲ್ಲ. ಒಟ್ಟು 324 ಮಂದಿಯನ್ನು ಕೇಳಿದರು. 144 ಮಂದಿ ಬೇಡ ಅಂದರು. ಉಳಿದ 180 ಮಂದಿಯೂ ತಮ್ಮ ಕಡತದಲ್ಲಿ ಬರೆದುಕೊಟ್ಟರು: ನನಗೆ ಆಗುವುದು ಬರೀ ಹುಸಿ ಆಪರೇಷನ್ ಆಗಿರಬಹುದು, ಅದರಿಂದ ನನ್ನ ಮಂಡಿಗೆ ಏನೂ ಉಪಯೋಗವಿಲ್ಲ, ಇದು ನನಗೆ ಗೊತ್ತು. ಬರೆದುಕೊಟ್ಟು, ಹೋಗಿ ಮಲಗಿದರು.