ಚಂಡೆ ಬಡೀತಿದೆ, ಕೇಳಿಸ್ತಿಲ್ಲ

ನೋಡಿ, ಇದು ಕೊಪ್ಪದ ಹತ್ತಿರ ನಮ್ಮ ಮನೆ ಹಾಲ್. ಟಿವಿಯಲ್ಲಿ ಯಕ್ಷಗಾನ ಓಡ್ತಿದೆ. ಕೌರವ ಕುಣಿಯುತ್ತಿದ್ದಾನೆ. ಭಾಗವತರ ಬಾಯಿ ಆಡುತ್ತಿದೆ. ಚಂಡೆಯವರ ಕೈಗೆ ಪುರುಸೊತ್ತೇ ಇಲ್ಲ. ವಿಡಿಯೋ ನಾನು ಮ್ಯೂಟ್ ಮಾಡಿಲ್ಲ, ನಿಮ್ಮ ಫೋನೂ ಸರಿಯಾಗಿಯೇ ಇದೆ. ಶಬ್ದ ಇಲ್ಲದ್ದು ನಮ್ಮ ಟಿವಿಯಲ್ಲೇ.

ಅಪ್ಪಯ್ಯ ಹೇಳಿದ್ದು ಒಂದೇ ಮಾತು. "ಎಂತದಾ ಮಾರಾಯ ಇದು, ಮೂಗರ ಆಟವಾ?"

ಟಿವಿ ಪಕ್ಕದಲ್ಲಿರೋ ಕಪ್ಪು ಡಬ್ಬ ನನ್ನ ಹಳೇ ಕಂಪ್ಯೂಟರ್. ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಹಾಕಿ, ಮೇಲೆ ವಿಡಿಯೋ ಓಡಿಸೋ ಕೋಡಿ ಅನ್ನೋ ಸಾಫ್ಟ್‌ವೇರ್ ಹಾಕಿ, ಅಪ್ಪಯ್ಯನಿಗೆ ಬೇಕಾದ ಪ್ರಸಂಗಗಳನ್ನೆಲ್ಲ ಹಾರ್ಡ್‌ಡಿಸ್ಕ್‌ಗೆ ತುಂಬಿಸಿಟ್ಟಿದ್ದೇನೆ. ಟಿವಿಗೆ ಒಂದೇ ಒಂದು ಎಚ್‌ಡಿಎಂಐ ಕೇಬಲ್. ಚಿತ್ರವೂ ಅದರಲ್ಲೇ, ಶಬ್ದವೂ ಅದರಲ್ಲೇ. ಹಾಗಾಗಿ ಚಿತ್ರ ಬಂದು ಶಬ್ದ ಬರದಿದ್ದರೆ ತಲೆ ಕೆಡುತ್ತೆ ಅಲ್ವಾ?

ಮೊದಲು ಎಲ್ಲರೂ ಮಾಡೋದನ್ನೇ ನಾನೂ ಮಾಡಿದೆ. ಕೇಬಲ್ ಕಿತ್ತು ಹಾಕಿದೆ. ಪೇಟೆಗೆ ಹೋಗಿ ಹೊಸ ಕೇಬಲ್ ತಂದೆ. ದುಡ್ಡು ದಂಡ. ರಿಮೋಟ್ ಹಿಡಿದು ಟಿವಿ ವಾಲ್ಯೂಮನ್ನು ನೂರಕ್ಕೆ ಏರಿಸಿದೆ. ಈ ನೂರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಆಮೇಲೆ ಟರ್ಮಿನಲ್ ತೆಗೆದೆ, ಅಂದರೆ ಕಮಾಂಡ್ ಟೈಪ್ ಮಾಡೋ ಕಿಟಕಿ. ಆಲ್ಸಾಮಿಕ್ಸರ್ ಅಂತ ಹೊಡೆದರೆ ಸೌಂಡ್ ಕಾರ್ಡಿನ ವಾಲ್ಯೂಮ್ ತೋರಿಸೋ ಕಂಬಗಳು ಬರುತ್ತವೆ. ಕಂಬದ ಕೆಳಗೆ ಎಂಎಂ ಅಂತಿದ್ದರೆ ಅದು ಮ್ಯೂಟ್, ಕೀಬೋರ್ಡಿನ ಎಂ ಒತ್ತಿದರೆ ತೆರೆಯುತ್ತದೆ. ನಮ್ಮದು ತೆರೆದೇ ಇತ್ತು. ಮುಂದೆ ಎಪ್ಲೇ, ಒಂದು ಸ್ಪೇಸ್, ಹೈಫನ್ ಎಲ್. ಕಂಪ್ಯೂಟರ್ ತನಗೆ ಕಾಣುವ ಶಬ್ದದ ದಾರಿಗಳನ್ನೆಲ್ಲ ಪಟ್ಟಿ ಮಾಡಿ ತೋರಿಸಿತು. ಕಾರ್ಡ್ 0, ಡಿವೈಸ್ 0 ಅಂದರೆ ಅನಲಾಗ್, ಹಿಂದಿರೋ ಹಸಿರು ತೂತು. ಡಿವೈಸ್ 3, 7, 8, ಈ ಮೂರೂ ಎಚ್‌ಡಿಎಂಐ. ಡಬ್ಬಕ್ಕಿರೋದು ಒಂದೇ ಎಚ್‌ಡಿಎಂಐ ತೂತು, ಪಟ್ಟಿಯಲ್ಲಿ ಮಾತ್ರ ಮೂರು. ಚಿಪ್‌ನಲ್ಲಿ ಅಷ್ಟಕ್ಕೆ ಜಾಗ ಇರುತ್ತೆ, ಹೆದರಬೇಡಿ. ಒಂದೊಂದಾಗಿ ಪರೀಕ್ಷೆ ಮಾಡಿದರಾಯ್ತು.

ಆ ಪರೀಕ್ಷೆಗೆ ಸ್ಪೀಕರ್-ಟೆಸ್ಟ್ ಅಂತ ಒಂದು ಕಮಾಂಡ್ ಇದೆ. ಕೋಡಿ ಗೀಡಿ ಯಾವುದನ್ನೂ ಕೇಳದೆ ಸೀದಾ ನಾವು ಹೇಳಿದ ಡಿವೈಸಿಗೇ ಶಬ್ದ ಕಳಿಸುತ್ತೆ. ಸುಮ್ನೆ ಬಿಟ್ಟರೆ ಅದು ಕಳಿಸೋದು ಹಾಡಲ್ಲ, ಮಾತಲ್ಲ, ಬರೀ ಶ್‌ಶ್‌ಶ್ ಅನ್ನೋ ಶಬ್ದ. ಥೇಟ್ ಶೀಟಿನ ಮೇಲೆ ಮಳೆ ಹೊಯ್ದ ಹಾಗೆ.

ಡಿವೈಸ್ 3 ಅಂತ ಕೊಟ್ಟು ಎಂಟರ್ ಒತ್ತಿದೆ. ಟಿವಿ ವಾಲ್ಯೂಮ್ ನೂರು!

ಅಡುಗೆಮನೆಯಿಂದ ಅಮ್ಮ "ಅಯ್ಯೋ, ಮಳೆ ಬಂತು, ಹಪ್ಪಳ!" ಅಂತ ಕೂಗಿಕೊಂಡು ಅಂಗಳಕ್ಕೆ ಓಡಿದರು. ಮೇ ತಿಂಗಳು, ಹಲಸಿನ ಹಪ್ಪಳ ಒಣಗಿಸೋ ಕಾಲ. ಹೊರಗೆ ಸುಡುಬಿಸಿಲು. ಎರಡು ಚಾಪೆ ಮಡಚಿ ಒಳಗೆ ತಂದಾದ ಮೇಲೆಯೇ ಅವರಿಗೆ ಗೊತ್ತಾಗಿದ್ದು. ಆ ಬೈಗುಳವನ್ನು ಎಡಿಟಿಂಗ್‌ನಲ್ಲಿ ತೆಗೆದಿದ್ದೇನೆ.

ಬೈಸಿಕೊಂಡರೂ ನನಗೆ ಖುಷಿಯೇ. ಟಿವಿ ಸರಿ ಇದೆ, ಕೇಬಲ್ ಸರಿ ಇದೆ, ಸೌಂಡ್ ಕಾರ್ಡನ್ನು ನಡೆಸೋ ಡ್ರೈವರ್ ಸಾಫ್ಟ್‌ವೇರ್ ಸರಿ ಇದೆ ಅಂತ ಒಂದೇ ಏಟಿಗೆ ಗೊತ್ತಾಯ್ತು. ಲಿನಕ್ಸ್‌ನಲ್ಲಿ ಶಬ್ದ ಹೋಯ್ತು ಅಂದ ಕೂಡಲೇ ಎಲ್ಲ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡೋ ಚಟ ಇರೋರು ಈ ಪರೀಕ್ಷೆಯನ್ನು ಮೊದಲು ಮಾಡಿ ನೋಡಿ. ನನಗೂ ಆ ಚಟ ಇತ್ತು.

ಹಾಗಾದರೆ ಚಂಡೆ ಶಬ್ದ ಎಲ್ಲಿಗೆ ಹೋಗ್ತಿತ್ತು? ಮತ್ತೆ ಪ್ರಸಂಗ ಹಾಕಿದೆ. ಫೋನಿನ ಇಯರ್‌ಫೋನ್ ತಂದು ಡಬ್ಬದ ಹಿಂದಿನ ಹಸಿರು ತೂತಿಗೆ ಚುಚ್ಚಿದೆ. ಕಿವಿಗಿಟ್ಟರೆ ಚಂಡೆ, ಮದ್ದಳೆ, ಭಾಗವತರು, ಎಲ್ಲರೂ ಅಲ್ಲೇ ಇದ್ದಾರೆ! ಒಂದು ತುದಿಯನ್ನು ಅಪ್ಪಯ್ಯನ ಕಿವಿಗೆ ಇಟ್ಟೆ. "ಹೋ, ಇಲ್ಲಿ ಅಡಗಿ ಕೂತಿದ್ಯಾ" ಅಂದರು.

ಲಿನಕ್ಸ್‌ನಲ್ಲಿ ಶಬ್ದ ಯಾವ ದಾರಿಗೆ ಹೋಗಬೇಕು ಅಂತ ನೋಡಿಕೊಳ್ಳೋದು ಪಲ್ಸ್ ಆಡಿಯೋ. ಅದರ ವಾಲ್ಯೂಮ್ ಕಂಟ್ರೋಲ್ ತೆರೆದು ಕೊನೆಯ ಕಾನ್ಫಿಗರೇಷನ್ ಟ್ಯಾಬಿಗೆ ಹೋದೆ. ಪ್ರೊಫೈಲ್ ಅನ್ನೋ ಕಡೆ ಅನಲಾಗ್ ಸ್ಟೀರಿಯೋ ಡ್ಯೂಪ್ಲೆಕ್ಸ್ ಅಂತ ಕೂತಿತ್ತು. ಅದನ್ನು ಡಿಜಿಟಲ್ ಸ್ಟೀರಿಯೋ ಎಚ್‌ಡಿಎಂಐ ಔಟ್‌ಪುಟ್ ಅಂತ ಬದಲಾಯಿಸಿದೆ, ಅಷ್ಟೇ. ಕೌರವನಿಗೆ ಬಾಯಿ ಬಂತು.

ಮಾರನೇ ದಿನ ಸಂಜೆ ಮತ್ತೆ ಮೂಗರ ಆಟ.

ಈ ಸಲ ಕಾರಣ ಹುಡುಕೋಕೆ ಟರ್ಮಿನಲ್ ಬೇಕಾಗಲಿಲ್ಲ. ಮಧ್ಯಾಹ್ನ ಗುಡುಗು ಸಿಡಿಲು ಬಂದಿತ್ತು. ಗುಡುಗು ಕೇಳಿದ ಕೂಡಲೇ ಅಮ್ಮ ಟಿವಿ ಪ್ಲಗ್ ಕಿತ್ತಿದ್ದರು, ಮಲೆನಾಡಿನಲ್ಲಿ ಯಾರಾದರೂ ಕೀಳ್ತಾರೆ. ಡಬ್ಬದ ಪ್ಲಗ್ ಟಿವಿ ಹಿಂದೆ, ಅವರಿಗೆ ಕಾಣಲ್ಲ. ಕರೆಂಟ್ ಹೋಯ್ತು, ಬಂತು. ಕರೆಂಟ್ ಬಂದ ಕೂಡಲೇ ತಾನಾಗಿಯೇ ಆನ್ ಆಗಲಿ ಅಂತ ಬಯಾಸ್‌ನಲ್ಲಿ, ಅಂದರೆ ಕಂಪ್ಯೂಟರ್ ಏಳುವಾಗ ಮೊದಲು ಓಡೋ ಪ್ರೋಗ್ರಾಮಿನಲ್ಲಿ, ಸೆಟ್ಟಿಂಗ್ ಮಾಡಿಟ್ಟ ಬುದ್ಧಿವಂತ ನಾನೇ. ಡಬ್ಬ ಎದ್ದಿತು. ಟಿವಿ ಇನ್ನೂ ಮಲಗಿತ್ತು.

ತಾನು ಎಂಥ ಶಬ್ದ ನುಡಿಸಬಲ್ಲೆ ಅನ್ನೋದನ್ನು ಟಿವಿ ಅದೇ ಎಚ್‌ಡಿಎಂಐ ಕೇಬಲ್‌ನಲ್ಲಿ ಕಂಪ್ಯೂಟರಿಗೆ ಹೇಳಬೇಕು. ಅದಕ್ಕೆ ಇಡಿಐಡಿ ಅಂತಾರೆ. ಡಬ್ಬ ಏಳುವಾಗ ಆ ಕಡೆಯಿಂದ ಉತ್ತರವೇ ಇಲ್ಲ. ಟಿವಿ ಇಲ್ಲ ಅಂದುಕೊಂಡು ಶಬ್ದವನ್ನು ಹಸಿರು ತೂತಿಗೆ ಕಟ್ಟಿತು. ಸಂಜೆ ಟಿವಿ ಹಾಕಿದಾಗ ಚಿತ್ರವೇನೋ ಬಂತು, ಶಬ್ದ ಮಾತ್ರ ಕಟ್ಟಿದ ಜಾಗ ಬಿಟ್ಟು ಬರಲಿಲ್ಲ.

ಬಯಾಸ್ ಸೆಟ್ಟಿಂಗ್ ಆಫ್ ಮಾಡಿದೆ. ಈಗ ಮೊದಲು ಟಿವಿ, ಆಮೇಲೆ ಡಬ್ಬದ ಬಟನ್. ಅಪ್ಪಯ್ಯ ಮರೆಯೋದು ಗ್ಯಾರಂಟಿ. ಅದಕ್ಕೇ ಪಲ್ಸ್ ಆಡಿಯೋಗೆ ಆಜ್ಞೆ ಕೊಡೋ ಪಿಎಸಿಟಿಎಲ್ ಕಮಾಂಡಿನ, ಪ್ರೊಫೈಲ್ ಬದಲಾಯಿಸೋ ಸೆಟ್-ಕಾರ್ಡ್-ಪ್ರೊಫೈಲ್ ಸಾಲೊಂದನ್ನು ಕೀಬೋರ್ಡಿನ ಎಫ್9ಗೆ ಕಟ್ಟಿದ್ದೇನೆ. ಒತ್ತಿದರೆ ಶಬ್ದ ಎಚ್‌ಡಿಎಂಐಗೆ ಬರುತ್ತೆ. ಗುರುತಿಗೆ ಆ ಕೀ ಮೇಲೆ ಅಮ್ಮನ ಕೆಂಪು ಸ್ಟಿಕರ್ ಬೊಟ್ಟು, ಇಲ್ಲಿ ಕಾಣ್ತಿದೆ ನೋಡಿ.

ಈ ವಾಯ್ಸ್‌ಓವರ್ ರೆಕಾರ್ಡ್ ಮಾಡ್ತಿರೋದು ಮಹಡಿ ಮೇಲಿನ ಕೋಣೆಯಲ್ಲಿ. ಹಿಂದೆ ಶ್‌ಶ್ ಅಂತ ಕೇಳಿಸ್ತಿದೆಯಲ್ಲ, ಅದು ಮೈಕ್ ತೊಂದರೆ ಅಲ್ಲ. ಅಮ್ಮ ಈಗಷ್ಟೇ ಕೆಳಗಿನಿಂದ ಕೂಗಿ ಕೇಳಿದರು. "ಅದು ನಿಂದಾ, ಮಳೆಯಾ?"

ಮಳೆಯೇ. ಹಪ್ಪಳ ಇನ್ನೂ ಅಂಗಳದಲ್ಲಿದೆ, ಓಡಬೇಕು.